ಡ್ರ್ಯಾಗ್‌ಲೀವ್ ಬಂದರೆ ಮೌಸ್ ಹೊರಗೆ ಹೋಯಿತೆಂದೇ ತಿಳಿಯಬೇಕೇ?

ಪ್ರಶ್ನೆ:
ಕಾರ್ಡುಗಳನ್ನು ಒಂದು ಕಾಲಂನಿಂದ ಇನ್ನೊಂದಕ್ಕೆ ಎಳೆದು ಹಾಕುವ ಪುಟವೊಂದನ್ನು ಯಾವ ಲೈಬ್ರರಿಯನ್ನೂ ಬಳಸದೆ ಬರೆಯುತ್ತಿದ್ದೇನೆ. ಎಳೆದ ವಸ್ತು ಒಳಬಂದಿತೆಂದು ಬ್ರೌಸರ್ ಕಳುಹಿಸುವ ಡ್ರ್ಯಾಗ್‌ಎಂಟರ್ ಎಂಬ ಈವೆಂಟ್ (ಸೂಚನೆ) ಬಂದಾಗ ಕಾಲಂಗೆ ಹಳದಿ ಬಣ್ಣ ಕೊಟ್ಟು, ಹೊರಹೋಯಿತೆನ್ನುವ ಡ್ರ್ಯಾಗ್‌ಲೀವ್ ಬಂದಾಗ ತೆಗೆಯುತ್ತೇನೆ. ಆದರೆ ಮೌಸ್ ಕಾಲಂ ಒಳಗೇ ಇದ್ದರೂ ಅಲ್ಲಿನ ಇನ್ನೊಂದು ಕಾರ್ಡಿನ ಮೇಲೆ ಹಾದೊಡನೆ ಬಣ್ಣ ಹೋಗಿಬಿಡುತ್ತದೆ. ಸಾಲದ್ದಕ್ಕೆ ಕಾರ್ಡನ್ನು ಬಿಟ್ಟಾಗ ಬರಬೇಕಾದ ಡ್ರಾಪ್ ಈವೆಂಟ್ ಬರುವುದೇ ಇಲ್ಲ. ಇದು ಬ್ರೌಸರಿನ ದೋಷವೇ?

ಉತ್ತರ 1:
ದೋಷವಲ್ಲ, ನಿಯಮವೇ ಹಾಗಿದೆ. 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿದ್ದ ವಿನ್ಯಾಸವನ್ನು ವೆಬ್ ಪುಟಗಳ ಮಾನಕವಾದ ಎಚ್‌ಟಿಎಂಎಲ್ 5 ಬಹುಮಟ್ಟಿಗೆ ಹಾಗೆಯೇ ತೆಗೆದುಕೊಂಡಿದ್ದರಿಂದ ಅದರ ವಿಚಿತ್ರಗಳೂ ನಮ್ಮ ಪಾಲಿಗೆ ಬಂದಿವೆ. ವಸ್ತು ಮೇಲಿರುವಷ್ಟು ಹೊತ್ತೂ ಮತ್ತೆ ಮತ್ತೆ ಬರುವ ಡ್ರ್ಯಾಗ್‌ಓವರ್‌ನಲ್ಲಿ, ಬ್ರೌಸರಿನ ಸಹಜ ವರ್ತನೆಯನ್ನು ತಡೆಯುವ ಪ್ರಿವೆಂಟ್‌ಡೀಫಾಲ್ಟ್ ಕರೆಯದಿದ್ದರೆ ಆ ಜಾಗ ವಸ್ತುವನ್ನು ಒಪ್ಪುವುದಿಲ್ಲವೆಂದೇ ಬ್ರೌಸರ್ ತಿಳಿಯುತ್ತದೆ. ಡ್ರಾಪ್ ಬರದಿರುವುದು ಅದಕ್ಕೇ.

ಬಣ್ಣದ ವಿಷಯಕ್ಕೆ ಬಂದರೆ, ಮೌಸ್ ಕಾಲಂನಿಂದ ಒಳಗಿನ ಕಾರ್ಡಿಗೆ ದಾಟುವಾಗ ಮೊದಲು ಕಾರ್ಡಿನ ಡ್ರ್ಯಾಗ್‌ಎಂಟರ್ ಬಂದು, ಅನಂತರ ಕಾಲಂನ ಡ್ರ್ಯಾಗ್‌ಲೀವ್ ಬರುತ್ತದೆ. ಮೊದಲನೆಯದು ಬಬಲ್ ಆಗಿ (ಒಳಗಿನ ಕಾರ್ಡಿನಿಂದ ಹೊರಗಿನ ಕಾಲಂಗೆ ಏರಿ) ಹಚ್ಚಿದ ಬಣ್ಣವನ್ನು ಎರಡನೆಯದು ಅಳಿಸುತ್ತದೆ. ಒಳಬಂದಾಗ ಒಂದು ಕೂಡಿ, ಹೊರಟಾಗ ಒಂದು ಕಳೆಯುವ ಲೆಕ್ಕವನ್ನು ಅನೇಕರು ಇಡುತ್ತಾರೆ. ಎಳೆಯುತ್ತಿರುವಾಗಲೇ ಪುಟ ಬದಲಾಗಿ ಕಾರ್ಡೊಂದು ಮಾಯವಾದರೆ ಆ ಲೆಕ್ಕ ತಪ್ಪಬಹುದಾದ್ದರಿಂದ ನನಗೆ ಅದು ಒಪ್ಪಿಗೆಯಿಲ್ಲ. ಡ್ರ್ಯಾಗ್‌ಲೀವ್‌ನ ರಿಲೇಟೆಡ್‌ಟಾರ್ಗೆಟ್ (ಮೌಸ್ ಈಗ ಹೊಕ್ಕ ಅಂಶ) ಕಾಲಂ ಒಳಗೇ ಇದೆಯೇ ಎಂದು, ಒಂದರೊಳಗೆ ಇನ್ನೊಂದಿದೆಯೇ ಎಂದು ಹೇಳುವ ಕಂಟೇನ್ಸ್ ಮೂಲಕ ನೋಡಿ, ಇದ್ದರೆ ಸುಮ್ಮನಿರುವುದು ಲೇಸು.

ಉತ್ತರ 2:
ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸಬೇಕು. ಕಾರ್ಡನ್ನು ಸರಿಯಾಗಿ ಬಿಟ್ಟಾಗ ಡ್ರಾಪ್ ಮಾತ್ರ ಬರುತ್ತದೆ, ಡ್ರ್ಯಾಗ್‌ಲೀವ್ ಬರುವುದಿಲ್ಲ. ಆದ್ದರಿಂದ ಬಣ್ಣವನ್ನು ಡ್ರಾಪ್‌ನಲ್ಲಿಯೂ ತೆಗೆಯಬೇಕು. ಎಲ್ಲವನ್ನೂ ಎಳೆತ ಮುಗಿದಾಗ ಬರುವ ಡ್ರ್ಯಾಗ್‌ಎಂಡ್‌ನಲ್ಲಿ ಒಮ್ಮೆಗೇ ಶುಚಿಗೊಳಿಸುವ ಆಸೆ ಸಹಜ, ಆದರೆ ಆ ಈವೆಂಟ್ ಎಳೆಯಲು ತೊಡಗಿದ ಮೂಲ ವಸ್ತುವಿಗೆ ಬರುವಂಥದ್ದು. ಡೆಸ್ಕ್‌ಟಾಪಿನಿಂದ ಫೈಲೊಂದನ್ನು ಎಳೆದು ತಂದರೆ ಪುಟದಲ್ಲಿ ಅಂಥ ಮೂಲವೇ ಇರುವುದಿಲ್ಲ.

ಪ್ರಶ್ನೆ ಕೇಳಿದವರು:
ಎರಡೂ ತೊಂದರೆ ನೀಗಿತು, ಧನ್ಯವಾದಗಳು. ಆದರೆ ಡ್ರ್ಯಾಗ್‌ಓವರ್‌ನಲ್ಲಿ ಎಳೆಯುತ್ತಿರುವ ವಸ್ತುವಿನ ಮಾಹಿತಿಯನ್ನು ಓದುವ ಗೆಟ್‌ಡೇಟಾ ಖಾಲಿ ಸ್ಟ್ರಿಂಗ್ ಕೊಡುತ್ತಿದೆ.

ಉತ್ತರ 2:
ಅದು ಬೇಕೆಂದೇ ಇಟ್ಟ ಕಾವಲು. ಬಳಕೆದಾರರು ಏನನ್ನೋ ಎಳೆದುಕೊಂಡು ಹೋಗುವಾಗ ದಾರಿಯಲ್ಲಿ ಸಿಕ್ಕ ಪುಟವೆಲ್ಲ ಅದನ್ನು ಓದುವಂತಿರಬಾರದು. ಡ್ರಾಪ್ ಆಗುವವರೆಗೆ ಮಾಹಿತಿಯ ಬಗೆಗಳನ್ನು ಹೇಳುವ ಟೈಪ್ಸ್ ಪಟ್ಟಿಯಷ್ಟೇ ಕಾಣುತ್ತದೆ, ಹಾಗಾಗಿ ಒಪ್ಪಬೇಕೇ ಬೇಡವೇ ಎಂಬುದನ್ನು ಅದರಿಂದಲೇ ನಿರ್ಧರಿಸಿ.

ಉತ್ತರ 3:
ಎಳೆಯಲಾಗದವರನ್ನೂ ಗಮನದಲ್ಲಿಡಿ. 2023ರ ಡಬ್ಲ್ಯುಸಿಎಜಿ 2.2 ಎಂಬ, ವೆಬ್ ಎಲ್ಲರಿಗೂ ಬಳಸಲಾಗುವಂತಿರಬೇಕೆನ್ನುವ ಮಾರ್ಗಸೂಚಿಯ 2.5.7ನೇ ಮಾನದಂಡದ ಪ್ರಕಾರ, ಎಳೆದು ಮಾಡುವ ಕೆಲಸವನ್ನು ಎಳೆಯದೆ, ಬರಿಯ ಕ್ಲಿಕ್ಕಿನಿಂದಲೂ ಮಾಡುವಂತಿರಬೇಕು. ಪ್ರತಿ ಕಾರ್ಡಿನಲ್ಲಿ ‘ಸ್ಥಳಾಂತರಿಸಿ’ ಎಂಬ ಮೆನುವೊಂದಿದ್ದರೆ ಸಾಕು.