‘ಉನ್ಮಾದ’ಕ್ಕೆ ಮಂಡ್ಯ ಕಡೆಯ ಮನೆಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ನನ್ನ ತಮ್ಮನಿಗೆ ಸ್ಕಿಜೋಅಫೆಕ್ಟಿವ್ ಡಿಸಾರ್ಡರ್ ಇದೆ, ಅಂದರೆ ಸ್ಕಿಜೋಫ್ರೇನಿಯಾದ ಲಕ್ಷಣಗಳ ಜೊತೆಗೆ ಮನಸ್ಸಿನ ಏರಿಳಿತವೂ ಇರುವ ಮನೋರೋಗ. ಅವನದು ಮೇನಿಯಾ (ಪುಸ್ತಕದ ಮಾತಲ್ಲಿ ‘ಉನ್ಮಾದ’) ಕಾಣಿಸಿಕೊಳ್ಳುವ ಬಗೆಯದು. ಮದ್ದೂರು ಹತ್ತಿರದ ಊರಲ್ಲಿ ಅವನನ್ನು ನೋಡಿಕೊಳ್ಳುವವಳು ಅವ್ವ. ಡಾಕ್ಟರಿಗೆ ತೋರಿಸಲೆಂದು ಅವಳು ದಿನಾ ಗುರುತು ಹಾಕುವಂಥ ಒಂದು ಹಾಳೆ ಮಾಡುತ್ತಿದ್ದೇನೆ. ಅದಕ್ಕೆ ಪದಗಳು ಬೇಕು.

ಕಾಯಿಲೆಯ ಹೆಸರು ಹಾಗೇ ಇರಲಿ. ಸ್ಕಿಜೋಫ್ರೇನಿಯಾಕ್ಕೆ ಅಚ್ಚಿನಲ್ಲಿ ಕಾಣುವ ‘ಛಿದ್ರಮನಸ್ಕತೆ’ ಓದಿದವರು ಒಬ್ಬನೊಳಗೆ ಇಬ್ಬರಿದ್ದಾರೆ ಅಂದುಕೊಳ್ಳುತ್ತಾರೆ. ಇದು ಅದಲ್ಲ.

‘ಭ್ರಮೆ’ ತೊಡಕಿನದು. ಯಾರೂ ಇಲ್ಲದಾಗ ದನಿ ಕೇಳುವುದಕ್ಕೂ ಅದೇ ಪದ, ಪಕ್ಕದ ಮನೆಯವರು ವಿಷ ಹಾಕುತ್ತಾರೆಂದು ಗಟ್ಟಿಯಾಗಿ ನಂಬುವುದಕ್ಕೂ ಅದೇ. ಮೊದಲನೆಯದಕ್ಕೆ ‘ಇಲ್ಲದ ದನಿ’ ಎಂದು ಬರೆದಿದ್ದೇನೆ. ಎರಡನೆಯದಕ್ಕೆ ‘ಸುಳ್ಳು ನಂಬಿಕೆ’ ಎಂದರೆ ತಮ್ಮನಿಗೆ ನೋವಾಗುತ್ತದೆ, ಹಾಳೆಯನ್ನು ಅವನೂ ಓದುತ್ತಾನಲ್ಲ. ಮೇನಿಯಾ, ಖಿನ್ನತೆ ಎರಡೂ ಇಲ್ಲದ ಹೊತ್ತಲ್ಲೂ ಇವು ಕನಿಷ್ಠ 2 ವಾರ ಇದ್ದವೇ ಎಂದು ನೋಡಿಯೇ ಈ ಕಾಯಿಲೆಯನ್ನು ಮನಸ್ಸಿನ ಏರಿಳಿತದ ಕಾಯಿಲೆಯಾದ ಬೈಪೋಲಾರ್‌ನಿಂದ ಬೇರೆ ಮಾಡುತ್ತಾರೆ. ಹಾಗಾಗಿ ಇವಕ್ಕೊಂದು ಕಾಲಂ, ಮನಸ್ಸಿನ ಏರಿಳಿತಕ್ಕೊಂದು ಕಾಲಂ ಇರಲೇಬೇಕು.

ಮುಖ್ಯ ಪ್ರಶ್ನೆ ಮೇನಿಯಾದ್ದು. ‘ಉನ್ಮಾದ’ ಅವ್ವನ ಬಾಯಿಗೆ ಬರುವ ಮಾತಲ್ಲ. ‘ಏರೈತೆ’ ಅಂದರೆ ಕುಡಿದವ್ನೆ ಅಂತ ಊರವರು ತಿಳಿಯುತ್ತಾರೆ. ‘ಖುಷಿ’ಯೂ ಆಗದು, ಮೇನಿಯಾದಲ್ಲಿ ಕೆಲವರು ಬರೀ ಸಿಡುಕುತ್ತಾರೆ. ‘ನಿದ್ದೆಗೆಟ್ಟವ್ನೆ’ ಅಂದರೆ ದಣಿದವನ ಚಿತ್ರ ಬರುತ್ತದೆ. ತಮ್ಮನೋ ಎರಡು ಗಂಟೆ ಮಲಗಿ, ನಸುಕಿಗೆ ಮುಂಚೆಯೇ ಕೊಟ್ಟಿಗೆ ತೊಳೆದು, ಸಿಕ್ಕವರಿಗೆಲ್ಲ ಟ್ರ್ಯಾಕ್ಟರ್ ಕೊಡಿಸುತ್ತೇನೆಂದು ಮಾತು ಕೊಟ್ಟು ಬರುತ್ತಾನೆ. ಸುಸ್ತೆಂಬುದೇ ಇಲ್ಲ. ಅವನಲ್ಲಿ ಮೊದಲು ಕಾಣುವ ಗುರುತು ಇದೇ, ಕಂಡ ದಿನವೇ ಡಾಕ್ಟರಿಗೆ ಫೋನ್ ಹೋಗಬೇಕು.

ಇನ್ನೊಂದು, ‘ಪಥ್ಯ’ ಎಂಬ ಪದವನ್ನು ಹಾಳೆಯಿಂದ ತೆಗೆದೇಬಿಟ್ಟೆ. ಪಥ್ಯ ಅಂದ ಕೂಡಲೇ ನಮ್ಮ ಕಡೆ ಉಪ್ಪು ಬಿಡಿಸುತ್ತಾರೆ. ಅವನು ತಗೊಳ್ಳುವುದು ಲಿಥಿಯಂ, ಮನಸ್ಸಿನ ಏರಿಳಿತ ಹಿಡಿತದಲ್ಲಿಡುವ ಔಷಧ. ಉಪ್ಪು ಏಕಾಏಕಿ ಕಡಿಮೆಯಾದರೆ, ಬಿಸಿಲಲ್ಲಿ ಬೆವತು ನೀರು ಸಾಲದಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್‌ನಿಂದಲೂ ಹೀಗಾಗಬಹುದು. ಕೈನಡುಕ ಹೆಚ್ಚಿ, ವಾಂತಿಭೇದಿಯಾಗಿ, ನಡಿಗೆ ತೂರಾಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆ ಸಾಲಿಗೆ ‘ಉಪ್ಪು, ನೀರು ಎಂದಿನಂತೆ’ ಎಂದಷ್ಟೇ ಬರೆದೆ.

ಪಾಂಡವಪುರ, ಮಳವಳ್ಳಿ, ಟಿ. ನರಸೀಪುರ ಕಡೆಯವರು ಯಾರಾದರೂ ಇದ್ದರೆ ತಿಳಿಸಿ: ನಿದ್ದೆಯಿಲ್ಲದೆಯೂ ದಣಿಯದೆ, ಮಾತು ನಿಲ್ಲದೆ, ದುಡ್ಡು ಹಿಡಿತ ತಪ್ಪುವ ಈ ಸ್ಥಿತಿಗೆ ನಿಮ್ಮ ಮನೆಗಳಲ್ಲಿ ಏನಂತಾರೆ? ಬೈಗುಳವಾಗದ ಪದ ಬೇಕು.