ಜೊತೆಜೊತೆಗೇ ಬದಲಾಗುವ ಕೋಡ್ ಫೈಲುಗಳನ್ನು ಹುಡುಕುವ ಟೂಲ್: ಬಳಸಿದವರು ಅನುಭವ ಹೇಳಿ

ಪ್ರಶ್ನೆ: ನಮ್ಮ ತಂಡದ ಕೈಗೆ ಒಂದು ಹಳೇ ಪ್ರಾಜೆಕ್ಟ್ ಬಂದಿದೆ. ಬರೆದವರು ಯಾರೂ ಈಗ ಇಲ್ಲ. ಒಂದು ಫೈಲ್ ಮುಟ್ಟಿದರೆ ಸಂಬಂಧವೇ ಇಲ್ಲದ ಇನ್ನೊಂದು ಕಡೆ ಕೆಡುತ್ತದೆ. ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ವ್ಯವಸ್ಥೆ) ಇತಿಹಾಸ ನೋಡಿ ಯಾವ ಫೈಲುಗಳು ಒಟ್ಟಿಗೆ ಬದಲಾಗುತ್ತವೆ ಅಂತ ತೋರಿಸುವ ಟೂಲ್‌ಗಳಿವೆಯಂತೆ. ನಿಜಕ್ಕೂ ಪ್ರಯೋಜನ ಇದೆಯಾ, ಇಲ್ಲ ಸುಮ್ನೆ ಚಂದದ ಗ್ರಾಫ್ ಅಷ್ಟೇನಾ?

ಉತ್ತರ: ಪ್ರಯೋಜನ ಇದೆ. ಆದರೆ ಟೂಲ್ ಓಡಿಸುವುದು ಸಣ್ಣ ಕೆಲಸ, ಇತಿಹಾಸದ ಕಸ ತೆಗೆಯುವುದೇ ದೊಡ್ಡ ಕೆಲಸ. ನಾನು ಬಳಸುವುದು ಕೋಡ್ ಮಾಟ್. ಆ್ಯಡಂ ಟೋರ್ನ್‌ಹಿಲ್ ಬರೆದದ್ದು, ಉಚಿತ, ಕಮಾಂಡ್ ಲೈನಿನಲ್ಲಿ ಓಡುತ್ತದೆ. ಗಿಟ್ ಲಾಗನ್ನು, ಅಂದರೆ ಬದಲಾವಣೆಗಳ ದಾಖಲೆಯನ್ನು, ಒಂದು ಫೈಲಿಗೆ ಇಳಿಸಿಕೊಂಡು ಇದಕ್ಕೆ ಕೊಟ್ಟರೆ ಜೋಡಿಗಳ ಪಟ್ಟಿ ಬರುತ್ತದೆ, ಪ್ರತಿ ಜೋಡಿಗೂ ಒಂದು ಶೇಕಡಾವಾರು. ಕೋಡನ್ನು ಅದು ಓದುವುದೇ ಇಲ್ಲ, ಹಾಗಾಗಿ ಯಾವ ಭಾಷೆಯಾದರೂ ಸರಿ.

ಆ ಶೇಕಡಾ ಹೇಗೆ ಬರುತ್ತದೆ ಅಂತ ತಿಳಿದುಕೊಳ್ಳಿ. ಒಂದು ಫೈಲ್ 40 ಸಲ ಬದಲಾಗಿದೆ, ಇನ್ನೊಂದು 20 ಸಲ, ಎರಡೂ ಒಟ್ಟಿಗೆ 18 ಸಲ ಅಂದುಕೊಳ್ಳಿ. ಎರಡರ ಸರಾಸರಿ 30. 18ನ್ನು 30ರಿಂದ ಭಾಗಿಸಿದರೆ ಶೇ. 60. ಆದರೆ ಈ 60ರಲ್ಲಿ ಒಂದು ಸಂಗತಿ ಮುಚ್ಚಿಹೋಗುತ್ತದೆ. ಎರಡನೆಯದನ್ನು ಮುಟ್ಟಿದಾಗ ಮೊದಲನೆಯದನ್ನು ಮುಟ್ಟುವ ಪ್ರಮಾಣ ಶೇ. 90. ತಿರುಗಿಸಿ ನೋಡಿದರೆ ಬರೀ 45. ಯಾವುದು ಯಾವುದನ್ನು ಎಳೆಯುತ್ತಿದೆ ಅನ್ನುವುದೇ ನಿಮಗೆ ಬೇಕಾದ ವಿಷಯ, ಅಲ್ವಾ? ಅದಕ್ಕೆ ನಾನು ಎರಡೂ ದಿಕ್ಕಿನ ಲೆಕ್ಕವನ್ನು ಬೇರೆ ಸ್ಕ್ರಿಪ್ಟಿನಲ್ಲಿ ಹಾಕಿಕೊಳ್ಳುತ್ತೇನೆ. ಗಿಟ್ ಲಾಗಿನಲ್ಲಿ ಪ್ರತಿ ಕಮಿಟ್ಟಿನ (ಒಂದೇ ಸಲಕ್ಕೆ ದಾಖಲಿಸಿದ ಬದಲಾವಣೆಗಳ ಗುಂಪಿನ) ಫೈಲ್ ಹೆಸರುಗಳು ಸಿಗುತ್ತವೆ, ಜೋಡಿ ಮಾಡಿ ಎಣಿಸುವುದಷ್ಟೇ.

ಇನ್ನು ಕಸದ ವಿಷಯ. ಇಡೀ ಪ್ರಾಜೆಕ್ಟಿಗೆ ಫಾರ್ಮ್ಯಾಟರ್ (ಕೋಡಿನ ಜೋಡಣೆ ಸರಿಪಡಿಸುವ ಟೂಲ್) ಓಡಿಸಿದ ಒಂದೇ ಕಮಿಟ್ ಇದ್ದರೂ ಎಲ್ಲ ಫೈಲಿಗೂ ಎಲ್ಲ ಫೈಲಿನ ನಂಟು ಬಂದುಬಿಡುತ್ತದೆ. ಕೋಡ್ ಮಾಟ್ 30ಕ್ಕಿಂತ ಜಾಸ್ತಿ ಫೈಲ್ ಇರುವ ಕಮಿಟ್‌ಗಳನ್ನು ತಾನಾಗೇ ಬಿಡುತ್ತದೆ. ಐದಕ್ಕಿಂತ ಕಡಿಮೆ ಸಲ ಬದಲಾದ ಫೈಲುಗಳನ್ನೂ ಬಿಡುತ್ತದೆ. ಈ ಮಿತಿಗಳನ್ನು ಬದಲಾಯಿಸಬಹುದು. ಲಾಕ್ ಫೈಲು (ಬಳಸಿದ ಲೈಬ್ರರಿಗಳ ಆವೃತ್ತಿ ಬರೆದಿಡುವುದು), ಅನುವಾದದ ಫೈಲು, ತಾನಾಗಿ ಹುಟ್ಟಿದ ಕೋಡು ಇವನ್ನು ನೀವೇ ತೆಗೆಯಬೇಕು. ಅಳಿಸಿಹೋದ ಫೈಲುಗಳೂ ಪಟ್ಟಿಯಲ್ಲಿ ಬರುತ್ತವೆ, ಗಾಬರಿಯಾಗಬೇಡಿ. ಹೆಸರು ಬದಲಾದವು ಎರಡು ಬೇರೆ ಫೈಲುಗಳಂತೆ ಕಾಣುತ್ತವೆ.

ಪಟ್ಟಿ ಬಂದ ಮೇಲೆ ಅದರ ಮೇಲ್ತುದಿಯಲ್ಲಿರುವುದನ್ನು ನೋಡಿ ಖುಷಿಪಡಬೇಡಿ. ಕೋಡು ಮತ್ತು ಅದರ ಟೆಸ್ಟು ಒಟ್ಟಿಗೆ ಬದಲಾಗಲೇಬೇಕು, ಅದರಲ್ಲೇನು ಸುದ್ದಿ? ಬೇರೆ ಬೇರೆ ಫೋಲ್ಡರಿನಲ್ಲಿದ್ದು, ಒಂದನ್ನೊಂದು ಇಂಪೋರ್ಟ್ ಮಾಡದೆಯೂ ಒಟ್ಟಿಗೆ ಬದಲಾಗುವ ಜೋಡಿಗಳನ್ನು ಹುಡುಕಿ. ಅಲ್ಲಿ ಸಾಮಾನ್ಯವಾಗಿ ನಕಲು ಮಾಡಿದ ಕೋಡೋ, ಎರಡು ಕಡೆ ಬರೆದಿಟ್ಟ ಒಂದೇ ನಿಯಮವೋ ಸಿಗುತ್ತದೆ. ನಿಮ್ಮ ತೊಂದರೆಯ ಬೇರು ಅಲ್ಲೇ ಇರಬಹುದು.

ಉತ್ತರ: ಒಂದು ಎಚ್ಚರಿಕೆ. ಸಿಐ ಸರ್ವರಿನಲ್ಲಿ (ಕೋಡ್ ಬದಲಾದಾಗ ಪರೀಕ್ಷೆಗಳನ್ನು ತಾನಾಗಿ ಓಡಿಸುವ ಯಂತ್ರದಲ್ಲಿ) ಓಡಿಸುವುದಾದರೆ ಪೂರ್ತಿ ಇತಿಹಾಸ ಇಳಿಸಿಕೊಳ್ಳಿ. ಅಂಥದ್ದೇ ಸೇವೆಯಾದ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಕೋಡ್ ಇಳಿಸಿಕೊಳ್ಳುವ ಚೆಕ್‌ಔಟ್ ಹಂತ ತಾನಾಗಿ ತರುವುದು ಕೊನೆಯ ಒಂದೇ ಕಮಿಟ್.

ಉತ್ತರ: ನನಗೆ ಅಷ್ಟು ಉತ್ಸಾಹವಿಲ್ಲ. ಎಲ್ಲ ನಿಂತಿರುವುದು ತಂಡ ಹೇಗೆ ಕಮಿಟ್ ಮಾಡುತ್ತಿತ್ತು ಅನ್ನುವುದರ ಮೇಲೆ. ಹಿಂದೆ ಕೆಲಸ ಮಾಡಿದ ಕಡೆ ನಮ್ಮ ತಂಡ ಎಲ್ಲವನ್ನೂ ಸ್ಕ್ವಾಷ್ ಮಾಡಿ, ಅಂದರೆ ಹಲವು ಕಮಿಟ್‌ಗಳನ್ನು ಒಂದಾಗಿಸಿ, ಸೇರಿಸುತ್ತಿತ್ತು. ಒಂದೊಂದು ಕಮಿಟ್ಟಿನಲ್ಲೂ ಮೂರ್ನಾಲ್ಕು ಕೆಲಸ. ಇಲ್ಲದ ನಂಟುಗಳೇ ಪಟ್ಟಿಯ ತುಂಬ. ಇನ್ನು ಕೆಲವರು ಒಂದೇ ಕೆಲಸವನ್ನು ಹತ್ತು ಚೂರು ಮಾಡಿ ಕಮಿಟ್ ಮಾಡುತ್ತಾರೆ, ಆಗ ಇರುವ ನಂಟೂ ಕಾಣುವುದಿಲ್ಲ. ಮೊದಲು ಲಾಗನ್ನು ಕಣ್ಣಾರೆ ಓದಿ ನೋಡಿ. ‘ಫಿಕ್ಸ್’, ‘ಫಿಕ್ಸ್ ಮತ್ತೆ’ ಅಂತಲೇ ತುಂಬಿದ್ದರೆ ಟೂಲಿನಿಂದ ಜಾಸ್ತಿ ನಿರೀಕ್ಷೆ ಬೇಡ.

ಉತ್ತರ: ಗ್ರಾಫ್ ಬದಿಗಿಡಿ, ರಿವ್ಯೂನಲ್ಲಿ (ಕೋಡ್ ಸೇರಿಸುವ ಮೊದಲು ಇನ್ನೊಬ್ಬರು ಪರಿಶೀಲಿಸುವಾಗ) ಬಳಸಿ ನೋಡಿ. ‘ಈ ಫೈಲ್ ಮುಟ್ಟಿದವರು ಸಾಮಾನ್ಯವಾಗಿ ಆ ಫೈಲನ್ನೂ ಮುಟ್ಟಿದ್ದಾರೆ, ಮರೆತಿರಾ?’ ಅಂತ ಕೇಳುವ ಸಣ್ಣ ಸ್ಕ್ರಿಪ್ಟ್ ಸಾಕು. ಹೊಸ ಯೋಚನೆಯೇನಲ್ಲ, 2004ರಲ್ಲೇ ಕೋಡ್ ಬರೆಯುವ ತಂತ್ರಾಂಶ ಎಕ್ಲಿಪ್ಸ್‌ಗೆ ರೋಸ್ ಅನ್ನುವ ಪ್ಲಗಿನ್ ಇದನ್ನೇ ಮಾಡಿತ್ತು. ಎಚ್ಚರಿಕೆ ಕೊಟ್ಟು ಬಿಡಿ, ಮರ್ಜ್ (ಮುಖ್ಯ ಕೋಡಿಗೆ ಸೇರಿಸುವುದು) ಮಾತ್ರ ತಡೆಯಬೇಡಿ. ತಡೆದರೆ ಜನ ಸುಮ್ನೆ ಒಂದು ಖಾಲಿ ಸಾಲು ಸೇರಿಸಿ ದಾಟಿಕೊಳ್ಳುತ್ತಾರೆ. ಆ ಖಾಲಿ ಸಾಲೂ ಇತಿಹಾಸಕ್ಕೆ ಸೇರಿ ನಂಟು ಇನ್ನೂ ಗಟ್ಟಿಯಾಗುತ್ತದೆ!

ಪ್ರಶ್ನೆ ಕೇಳಿದವರು: ಧನ್ಯವಾದ. ನಮ್ಮಲ್ಲಿ ಫ್ರಂಟ್‌ಎಂಡ್ ಮತ್ತು ಬ್ಯಾಕ್‌ಎಂಡ್ ಬೇರೆ ಬೇರೆ ರೆಪೊ (ಗಿಟ್ ಸಂಗ್ರಹ). ಆಗ ಏನು ಮಾಡುವುದು?

ಉತ್ತರ: ಕಮಿಟ್ ಸಂದೇಶದಲ್ಲಿ ಟಿಕೆಟ್ (ಕೆಲಸದ ಪಟ್ಟಿಯ) ನಂಬರ್ ಹಾಕುವ ಅಭ್ಯಾಸ ಇತ್ತಾ? ಇದ್ದರೆ ಎರಡೂ ಲಾಗ್ ಸೇರಿಸಿ, ಒಂದೇ ನಂಬರಿನ ಕಮಿಟ್‌ಗಳನ್ನೆಲ್ಲ ಒಂದು ಬದಲಾವಣೆ ಅಂತ ಎಣಿಸಿ. ಚೂರುಚೂರು ಕಮಿಟ್‌ಗಳ ತೊಂದರೆಗೂ ಇದೇ ಮದ್ದು. ನಂಬರ್ ಇಲ್ಲದಿದ್ದರೆ ಒಬ್ಬರೇ ಒಂದೇ ದಿನ ಮಾಡಿದ್ದನ್ನು ಒಟ್ಟುಗೂಡಿಸಬಹುದು. ಅದು ಬರೀ ಅಂದಾಜು, ಆ ಪಟ್ಟಿಯ ಪ್ರತಿ ಜೋಡಿಯನ್ನೂ ಕೋಡ್ ತೆರೆದು ನೋಡಿಯೇ ನಂಬಿ.