ಪ್ಯಾನ್‌ಕೇಕ್: ಬಳಿಯುವುದೋ, ಹಚ್ಚುವುದೋ, ಸವರುವುದೋ?

ಪ್ರಶ್ನೆ, ಬೆಳಗಾವಿಯಿಂದ:

ಎಲ್ಲರಿಗೂ ಶರಣು. ಬ್ಯೂಟಿ ಪಾರ್ಲರ್ ಕೆಲಸ ಕಲಿಯುವ ಹೆಣ್ಣುಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ತಯಾರಾಗುತ್ತಿದೆ. ಹಳೇ ಕಾಲದ ಕೇಕ್ ಫೌಂಡೇಶನ್ ಬಗ್ಗೆ ಅದರಲ್ಲೊಂದು ಪಾಠ ಇದೆ. ಡಬ್ಬಿಯಲ್ಲಿ ಬಿಲ್ಲೆಯಾಗಿ ಕೂತಿರುತ್ತದೆ, ಒದ್ದೆ ಸ್ಪಂಜಿನಿಂದ ತೆಗೆದು ಮುಖಕ್ಕೆ ಹಾಕುತ್ತಾರೆ, ಅದೇ ಪ್ಯಾನ್‌ಕೇಕ್. ಕರಡಿನಲ್ಲಿ ಹೀಗಿದೆ: "ಒದ್ದೆ ಸ್ಪಂಜಿನಿಂದ ಪ್ಯಾನ್‌ಕೇಕನ್ನು ಮುಖಕ್ಕೆ ಸಮವಾಗಿ ಬಳಿಯಿರಿ." ಓದಿದ ಇಬ್ಬರಿಗೂ "ಬಳಿಯಿರಿ" ಹಿಡಿಸಲಿಲ್ಲ. ಒಬ್ಬರು "ಹಚ್ಚಿರಿ" ಎಂದು ತಿದ್ದಿದರು, ಇನ್ನೊಬ್ಬರು "ಲೇಪಿಸಿರಿ" ಎಂದರು. ಪಾಠದ ಉದ್ದೇಶ, ಮುಖ ಸಹಜವಾಗಿ ಕಾಣಬೇಕು ಅನ್ನುವುದು. ಯಾವ ಕ್ರಿಯಾಪದ ಸರಿ?

ಇನ್ನೂ ಎರಡು ಸಂಶಯ ಇವೆ. ಫೌಂಡೇಶನ್ನಿಗೆ ಕನ್ನಡದಲ್ಲಿ ಏನನ್ನಬೇಕು? ಬಣ್ಣ ದಪ್ಪಾಗಿ ಎದ್ದು ಕಂಡರೆ ಪಾರ್ಲರಿನವರು "ಕೇಕಿ ಆಗೈತಿ" ಅನ್ನುತ್ತಾರೆ. ಕೇಕಿನ ಪಾಠದಲ್ಲೇ ಆ ಮಾತು ಬಂದರೆ ಕಲಿಯುವವರಿಗೆ ಗೊಂದಲ. ನಮ್ಮ ಕಡೆ ಅದಕ್ಕೆ ಬೇರೆ ಮಾತಿದೆಯೇ?

ಉತ್ತರ, ಬಾಗಲಕೋಟೆಯಿಂದ:

ಅಕ್ಕಾರ, ಈ ಕೆಲಸದಲ್ಲಿ ಕ್ರಿಯಾಪದ ತಪ್ಪಿದರೆ ಕೈಯೂ ತಪ್ಪುತ್ತದೆ. ಅದಕ್ಕೇ ಮೊದಲು ಅದನ್ನೇ ನೋಡೋಣ.

"ಬಳಿ" ಅಂದ ಕೂಡಲೇ ಕಣ್ಣ ಮುಂದೆ ಬರುವುದು ಗೋಡೆ ಮತ್ತು ಸುಣ್ಣ. ಕೆಳಗಿನದು ಪೂರ್ತಿ ಮುಚ್ಚಬೇಕು ಅನ್ನುವ ಅರ್ಥ ಆ ಪದದ ಹೊಟ್ಟೆಯಲ್ಲೇ ಇದೆ. ದೊಡ್ಡಾಟದ ವೇಷಕ್ಕೆ ಅದು ತಕ್ಕ ಮಾತು. ಅರದಾಳ ಬಳಿದ ಮುಖ ದೂರ ಕೂತವರಿಗೂ ಕಾಣಬೇಕು, ವೇಷಗಾರನ ಸ್ವಂತ ತೊಗಲು ಕಾಣಬಾರದು. (ಅರದಾಳ ಅಂದರೆ ಹರಿತಾಳ, ಆರ್ಸೆನಿಕ್ ಇರುವ ಹಳದಿ ಖನಿಜ. ಇಂಗಳೀಕ ಅನ್ನುವ ಕೆಂಪು ಖನಿಜದಲ್ಲಿ ಪಾದರಸ ಇರುತ್ತದೆ. ಹಳೇ ಪೆಟ್ಟಿಗೆಯಲ್ಲಿ ಇವು ಉಳಿದಿದ್ದರೆ ಯಾರ ಮುಖಕ್ಕೂ ಹಾಕಬೇಡಿ ಎಂದು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ.) ಸಹಜ ಮುಖದ ಪಾಠದಲ್ಲಿ "ಬಳಿ" ಎಂದು ಬರೆದರೆ ಕಲಿಯುವ ಹುಡುಗಿ ಬಳಿದೇ ಬಿಡುತ್ತಾಳೆ.

"ಹಚ್ಚು" ತಪ್ಪಲ್ಲ, ಎಣ್ಣೆಗೂ ಅದೇ, ದೀಪಕ್ಕೂ ಅದೇ. ಆದರೆ "ಬಣ್ಣ ಹಚ್ಚು" ಅಂದರೆ ಈ ಭಾಗದಲ್ಲಿ ಪಾತ್ರ ಮಾಡು ಎಂದೇ ಅರ್ಥ. ಏಣಗಿ ಬಾಳಪ್ಪನವರು ದಶಕಗಟ್ಟಲೆ ಬಣ್ಣ ಹಚ್ಚಿದರು ಅಂದಾಗ ಯಾರೂ ಮೇಕಪ್ಪಿನ ಡಬ್ಬಿ ನೆನೆಯುವುದಿಲ್ಲ, ಅವರ ರಂಗದ ಬದುಕು ನೆನೆಯುತ್ತಾರೆ. ಮದುಮಗಳಿಗೆ ಅದು ಒಪ್ಪದು. "ಲೇಪಿಸು" ಮುಲಾಮಿಗೆ, ಗಂಧಕ್ಕೆ ಇರಲಿ.

ನನ್ನ ಮತ "ಸವರು". ಹಂಚಿನ ಮೇಲೆ ಹಾಕಿದ ಜೋಳದ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರುತ್ತೇವಲ್ಲ, ಆ ಕೈ ಬೇಕು ಇಲ್ಲಿ. ಅರಿವೆ ಹಿಂಡಿರಬೇಕು, ಕೈ ಹಗುರ ಇರಬೇಕು, ಅಂಚಿನವರೆಗೂ ಮುಟ್ಟಬೇಕು, ಆರುವುದರೊಳಗೆ ಮುಗಿಯಬೇಕು. ನೀರು ಹೆಚ್ಚಾದರೆ ರೊಟ್ಟಿ ಹಸಿ ಹಸಿ. ಕಡಿಮೆಯಾದರೆ ಹಿಟ್ಟು ಬೆಳ್ಳಗೆ ಉಳಿದು ಮೇಲ್ಮೈ ಒಡೆಯುತ್ತದೆ. ಪ್ಯಾನ್‌ಕೇಕಿನಲ್ಲೂ ಆಗುವುದು ಇವೇ ಎರಡು ತಪ್ಪು: ನೀರು ಹೆಚ್ಚಾದರೆ ಬಣ್ಣ ಇಳಿದು ಗೆರೆ, ಕಡಿಮೆಯಾದರೆ ಸ್ಪಂಜು ತೊಗಲನ್ನು ಎಳೆದು ಅಲ್ಲಲ್ಲಿ ಪಟ್ಟೆ.

ಸವರುವ ಕ್ರಮವನ್ನೂ ಬರೆದುಬಿಡುತ್ತೇನೆ. ಮುಖ ತೊಳೆದು ಸ್ವಲ್ಪವೇ ಮಾಯಿಶ್ಚರೈಸರ್ ಹಚ್ಚಿ, ಹತ್ತು ನಿಮಿಷ ಬಿಟ್ಟು, ಮೇಲೆ ಉಳಿದ ಜಿಡ್ಡನ್ನು ಟಿಶ್ಯೂ ಕಾಗದದಿಂದ ಒತ್ತಿ ತೆಗೆಯಬೇಕು. ಜಿಡ್ಡಿನ ಮೇಲೆ ನೀರು ನಿಲ್ಲದು, ಬಣ್ಣ ತೇಪೆ ತೇಪೆಯಾಗುತ್ತದೆ. ಸ್ಪಂಜನ್ನು ನೀರಲ್ಲಿ ಅದ್ದಿ, ಮುಷ್ಟಿಯಲ್ಲಿ ಹಿಂಡಿ, ಒಣ ಟವೆಲಿನಲ್ಲಿ ಸುತ್ತಿ ಇನ್ನೊಮ್ಮೆ ಒತ್ತಿರಿ. ಕೆನ್ನೆಗೆ ಇಟ್ಟರೆ ತಂಪು ತಿಳಿಯಬೇಕು, ಹನಿ ಉಳಿಯಬಾರದು. ಸ್ಪಂಜಿನ ಒಂದು ಅಂಚನ್ನು ಬಿಲ್ಲೆಯ ಮೇಲೆ ಎರಡು ಮೂರು ಸುತ್ತು ತಿರುಗಿಸಿ, ಅಂಗೈಯ ಹಿಂಬದಿಗೆ ಒಮ್ಮೆ ಎಳೆದು ನೋಡಿರಿ. ಕೆಳಗಿನ ನರದ ಹಸಿರು ಅರೆಬರೆ ಕಾಣುತ್ತಿದ್ದರೆ ಅಳತೆ ಸರಿ. ನರ ಪೂರ್ತಿ ಮುಚ್ಚಿಹೋದರೆ ಬಣ್ಣ ಹೆಚ್ಚು. ಮೂಗಿನ ಪಕ್ಕದಿಂದ ಕಿವಿಯ ಕಡೆಗೆ ಒಂದು ಕೆನ್ನೆ ಮುಗಿಸಿಯೇ ಇನ್ನೊಂದಕ್ಕೆ ಹೋಗಬೇಕು. ಮುಖದ ತುಂಬ ಬೊಟ್ಟು ಇಟ್ಟು ಆಮೇಲೆ ಕೂಡಿಸುವ ಪದ್ಧತಿ ಕ್ರೀಮಿಗೆ ಸರಿ. ಇದು ನಿಮಿಷದೊಳಗೆ ಆರುತ್ತದೆ, ಆರಿದ ಬೊಟ್ಟು ಅಲ್ಲೇ ಅಚ್ಚಾಗಿ ಉಳಿಯುತ್ತದೆ. ಗದ್ದದಿಂದ ಕೆಳಗೆ ಕುತ್ತಿಗೆಗೂ, ಕಿವಿಗೂ ಸ್ಪಂಜಿನಲ್ಲಿ ಉಳಿದಷ್ಟನ್ನೇ ಸವರಿದರೆ ಸಾಕು.

ಹೆಸರಿನಲ್ಲಿರುವ "ಪ್ಯಾನ್" ಅಂದರೆ ಬಿಲ್ಲೆ ಕೂತಿರುವ ಆಳವಿಲ್ಲದ ತಟ್ಟೆ. ದೋಸೆಗೂ ಇದಕ್ಕೂ ಸಂಬಂಧ ಇಲ್ಲ. 1930ರ ದಶಕದಲ್ಲಿ ಟೆಕ್ನಿಕಲರ್ ಎಂಬ ಪದ್ಧತಿಯ ಬಣ್ಣದ ಸಿನಿಮಾ ಹೆಚ್ಚಿದಾಗ ಜಿಡ್ಡಿನ ಹಳೇ ಬಣ್ಣ ಮಿಂಚಿ, ಸುತ್ತಲಿನ ಬಣ್ಣಗಳು ಮುಖದ ಮೇಲೆ ಬೀಳತೊಡಗಿದವು. ಮಿಂಚದ ಬಣ್ಣ ಬೇಕಾಯಿತು. ಆಗ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ಟಾಲ್ಕ್ ಪುಡಿಯನ್ನು ಬಿಲ್ಲೆ ಮಾಡಿ, ಒದ್ದೆ ಸ್ಪಂಜಿನಿಂದ ಹಾಕುವಂಥ ಇದನ್ನು ತಂದಿತು. 1938ರಲ್ಲಿ ಅಂಗಡಿಗೂ ಬಂತು. ಅದು ಕಂಪನಿ ಇಟ್ಟ ಹೆಸರು, ಈಗ ನಮ್ಮ ನಾಟಕದವರ ಬಾಯಲ್ಲಿ ಯಾವ ಕಂಪನಿಯದಾದರೂ ಪ್ಯಾನ್‌ಕೇಕೇ. ಪ್ಯಾನ್‌ಸ್ಟಿಕ್ ಬೇರೆ ವಸ್ತು. ಅದು ಜಿಡ್ಡಿನ ಕಡ್ಡಿ, ಮೇಲೆ ಪೌಡರ್ ಬೇಕೇ ಬೇಕು. ಪ್ಯಾನ್‌ಕೇಕ್ ಆರಿದ ಮೇಲೆ ತಾನೇ ಪೌಡರ್, ಮತ್ತೆ ಪೌಡರ್ ಹಾಕಿದರೆ ಸಹಜತೆ ಹೋಯಿತು. ಕೈಪಿಡಿಯಲ್ಲಿ ಎರಡನ್ನೂ ಒಂದೇ ಪದದಿಂದ ಕರೆಯಬೇಡಿ.

ಫೌಂಡೇಶನ್ನಿಗೆ "ಅಡಿಪಾಯ" ಖಂಡಿತ ಬೇಡ, ಮನೆ ಕಟ್ಟಿದ ಹಾಗಾಗುತ್ತದೆ. "ತಳಬಣ್ಣ" ಅನ್ನಬಹುದು, ಇಲ್ಲವೇ ಫೌಂಡೇಶನ್ ಎಂದೇ ಇಡಿ.

ಉತ್ತರ, ವಿಜಯಪುರದಿಂದ:

ಬಾಗಲಕೋಟಿಯವರು "ಸವರು" ಅಂದಿದ್ದು ಖರೇ ಐತಿ. ಅದಕ್ಕ ಒಂದು ಮಾತು ಕೂಡಸ್ತೀನಿ. ಸವರೂದು ಅರ್ಧಾ ಕೆಲಸ, ಉಳದರ್ಧಾ "ಒತ್ತೂದು". ಬಣ್ಣ ಅರೆಬರೆ ಆರಿದಾಗ ಸ್ಪಂಜಿನ ಬಣ್ಣ ಇಲ್ಲದ ಬದೀಲೆ ಮೆಲ್ಲಕ ಒತ್ತಬೇಕು, ತಿಕ್ಕಬಾರದು. ಒತ್ತಿದರ ಬಣ್ಣ ತೊಗಲಿಗೆ ಕೂಡತೈತಿ, ತಿಕ್ಕಿದರ ಎದ್ದು ಬರತೈತಿ. ಪೂರ್ತಿ ಆರಿದ ಮ್ಯಾಲೆ ಒಣ ಮೆತ್ತನ್ನ ಬ್ರಶ್ಶಿಲೆ ಒಮ್ಮೆ ಝಾಡಿಸಿದರ ಸಾಕು. ಇನ್ನೂ ಕಲಿ ಕಾಣತಾವಂದ್ರ ಅಲ್ಲಿ ಅಷ್ಟ ಇನ್ನೊಂದು ತೆಳು ಕೈ ಕೊಡ್ರಿ, ಇಡೀ ಮುಖಕ್ಕ ಬ್ಯಾಡ.

ಇನ್ನ "ಕೇಕಿ" ಅನ್ನೂದು. ಒಂದ ಪದದಾಗ ಮೂರು ನಮೂನಿ ತಪ್ಪು ಮುಚ್ಚಿಟ್ಟಾರ, ಮೂರಕ್ಕೂ ಕಾರಣ ಬ್ಯಾರೆ. ನಮ್ಮಲ್ಲಿ ಮೂರಕ್ಕೂ ಮಾತು ಅದಾವ. ಒಣ ತೊಗಲಿನ ಮ್ಯಾಲೆ ಹಾಕಿದರ, ಮೂಗಿನ ಬದಿಗೆ, ಹುಬ್ಬಿನ ನಡುವ ಬಣ್ಣ ಹಳೇ ಗ್ವಾಡಿ ಸುಣ್ಣದಂಗ ಬಿಚ್ಚತೈತಿ. ಅದು "ಹಕ್ಕಳಿ ಏಳೂದು". ಕಣ್ಣಿನ ಕೆಳಗ, ನಗೂವಾಗ ಮಡಚೂ ಕಡೆ ದಪ್ಪ ಕೂತಿದ್ದರ ಎರಿ ಹೊಲದಂಗ ಬಿರೀತೈತಿ. ಅದು "ಬಿರಿಯೂದು". ಅಲ್ಲಿ ಸ್ಪಂಜಿನಾಗ ಉಳದದ್ದು ಅಷ್ಟ ತಾಗಿಸಬೇಕು. ಮೂರನೇದು "ಬೂದಿ ಬಡಿಯೂದು": ತೊಗಲಿಗಿಂತ ಬೆಳ್ಳನ್ನ ಶೇಡ್ ಹಾಕಿದರ, ಅದರಾಗಿನ ಬಿಳಿ ಬಣ್ಣ, ಟೈಟಾನಿಯಂ ಡೈಆಕ್ಸೈಡ್, ಕಪ್ಪು ತೊಗಲಿನ ಮ್ಯಾಲೆ ಬೂದಿಯಂಗ ಕಾಣತೈತಿ. ಫೋಟೋದ ಫ್ಲ್ಯಾಶ್ ಬಿದ್ದರ ಇನ್ನೂ ಹೆಚ್ಚು. ಶೇಡನ್ನ ಬಿಸಲಿನ ಬೆಳಕಿನಾಗ ಗದ್ದದ ಎಲುವಿನ ಮ್ಯಾಲೆ ನೋಡ್ರಿ, ಆರೂತನಕ ಕಾಯ್ರಿ. ಹಸಿ ಇದ್ದಾಗ ಕಪ್ಪು ಕಾಣತೈತಿ, ಆರಿದ ಮ್ಯಾಲೆ ತಿಳಿ ಆಗತೈತಿ.

ಬ್ಯಾಸಗ್ಯಾಗ ನಮ್ಮ ಕಡೆ ಸ್ಪಂಜು ಮುಖಕ್ಕ ಹೋಗೂದರಾಗ ಆರತೈತಿ. ಆವಾಗ ಅಂಗೈ ಅಗಲದ ಬದಲಿ ಎರಡು ಬೆರಳ ಅಗಲ ಅಷ್ಟ ಒಮ್ಮೆ ಸವರ್ರಿ. ಮತ್ತ ಬಿಲ್ಲಿ ಕಲ್ಲಾಗಿ ಬಣ್ಣ ಬಿಡವಲ್ತು ಅಂದ್ರ ಮಾಲು ಖರಾಬ್ ಅಂತ ಒಗೀಬ್ಯಾಡ್ರಿ. ಮುಖದ ಜಿಡ್ಡು ಸ್ಪಂಜಿನಿಂದ ಬಿಲ್ಲಿಗೆ ಹತ್ತಿ ಮ್ಯಾಲೊಂದು ಪರಿ ಕಟ್ಟಿರತೈತಿ. ಚಾಕೂಲೆ ಹಗೂರಕ ಕೆರೆದು ತೆಗದರ ಕೆಳಗಿನದು ಹೊಸದ. ಹಸಿ ಇದ್ದಾಗ ಮುಚ್ಚಳ ಹಾಕಬ್ಯಾಡ್ರಿ, ಬೂಸರ ಬರತೈತಿ.

ಬೆಳಗಾವಿಯಿಂದ ಮತ್ತೆ:

ಇಬ್ಬರಿಗೂ ಶರಣು. ವಾಕ್ಯ ಈಗ ಹೀಗಾಗಿದೆ: "ಹಿಂಡಿದ ಸ್ಪಂಜಿನಿಂದ ಪ್ಯಾನ್‌ಕೇಕನ್ನು ಒಂದೊಂದೇ ಭಾಗಕ್ಕೆ ತೆಳುವಾಗಿ ಸವರಿ, ಅರೆ ಆರಿದಾಗ ಒತ್ತಿ ಕೂಡಿಸಿರಿ." ತಪ್ಪುಗಳ ಪುಟದಲ್ಲಿ "ಕೇಕಿ" ತೆಗೆದು ಹಕ್ಕಳೆ, ಬಿರುಕು, ಬೂದಿ ಎಂದು ಮೂರು ತಲೆಬರಹ ಕೊಟ್ಟಿದ್ದೇವೆ. ಫೌಂಡೇಶನ್ನಿಗೂ ಮೊದಲು ಮುಖಕ್ಕೆ ಹಾಕುವ ಪ್ರೈಮರ್‌ಗೆ ದರ್ಜಿಗಳ "ಅಸ್ತರು" ಹೊಂದಬಹುದೇ? ಅದೂ ಹೊರಗೆ ಕಾಣದೆ ಒಳಗಿದ್ದು ಮೇಲಿನದನ್ನು ಹಿಡಿಯುವಂಥದ್ದು.